ಸ್ಪೈನೋಸಾರಸ್ ಒಳ್ಳೆಯ ಅಪ್ಪ ಅಂತ ಹೇಳಿದ್ದು ಯಾವ ಮೂಳೆ?

ಬಿಬಿಸಿಯ ‘ವಾಕಿಂಗ್ ವಿತ್ ಡೈನೋಸಾರ್ಸ್’ ಟಿವಿ ಸರಣಿ ಕಾಲು ಶತಮಾನ ಕಳೆದ ಮೇಲೆ ಮತ್ತೆ ಬಂದಿದೆ. 1999ರ ಅಕ್ಟೋಬರ್‌ನಲ್ಲಿ ಅದು ಮೊದಲ ಸಲ ಪ್ರಸಾರವಾದಾಗ ಬ್ರಿಟನ್ನಿನಲ್ಲಿ ಸುಮಾರು ಒಂದೂವರೆ ಕೋಟಿ ಜನ ಮೊದಲ ಕಂತು ನೋಡಿದ್ದರು. ಅದೇ ಹೆಸರಿನ ಹೊಸ ಸರಣಿ 2025ರ ಮೇ 25ರಂದು ಬಿಬಿಸಿ ಒನ್‌ನಲ್ಲಿ ಶುರುವಾಯಿತು. ಮುಂದಿನ ತಿಂಗಳು ಅಮೆರಿಕದ ಪಿಬಿಎಸ್ ವಾಹಿನಿಯಲ್ಲೂ ಬಂತು. ಒಟ್ಟು ಆರು ಕಂತು. ಪ್ರತಿ ಕಂತಿಗೂ ಒಂದು ಪ್ರಾಣಿ ಕಥಾನಾಯಕ, ಅದಕ್ಕೊಂದು ಮುದ್ದಿನ ಹೆಸರು. ಮರಿ ಟ್ರೈಸೆರಾಟಾಪ್ಸ್ ಹೆಸರು ಕ್ಲೋವರ್. ಸ್ಪೈನೋಸಾರಸ್ ಹೆಸರು ಸೋಬೆಕ್. ಗ್ಯಾಸ್ಟೋನಿಯಾಗೆ ಜಾರ್ಜ್, ಅಲ್ಬರ್ಟೋಸಾರಸ್‌ಗೆ ರೋಸ್, ಪ್ಯಾಕಿರೈನೋಸಾರಸ್‌ಗೆ ಆಲ್ಬಿ. ಪೋರ್ಚುಗಲ್ಲಿನ ದೈತ್ಯ ಲುಸೋಟೈಟನ್‌ಗೆ ಓಲ್ಡ್ ಗ್ರಾಂಡೆ.

ಸರಣಿ ನನಗೆ ಇಷ್ಟವಾಯಿತು. ಚರ್ಮದ ಮಡಿಕೆ, ಕೆಸರಲ್ಲಿ ಹೂತು ಏಳುವ ಕಾಲು, ಮೈಮೇಲೆ ಬೀಳುವ ಬೆಳಕು ಎಲ್ಲ ಚೆನ್ನಾಗಿವೆ. ಬರ್ಟಿ ಕಾರ್ವೆಲ್ ಅವರ ನಿರೂಪಣೆ ಕಿವಿಗೆ ಹಿತ. ಆದರೆ ನನ್ನದೊಂದು ದೂರಿದೆ, ಅದು ಸಣ್ಣದಲ್ಲ. ಪರದೆಯ ಮೇಲೆ ಕಾಣುವುದರಲ್ಲಿ ಮೂಳೆ ಹೇಳಿದ್ದು ಎಷ್ಟು, ಕಥೆ ಬರೆದವರು ಸೇರಿಸಿದ್ದು ಎಷ್ಟು ಅಂತ ನೋಡುವವರಿಗೆ ತಿಳಿಯುವುದೇ ಇಲ್ಲ. ಎರಡೂ ಅಷ್ಟೇ ಚಂದದ ಚಿತ್ರದಲ್ಲಿ, ಅಷ್ಟೇ ಗಟ್ಟಿ ದನಿಯಲ್ಲಿ ಬರುತ್ತವೆ. ವಿಜ್ಞಾನದ ಹೆಸರಿನಲ್ಲಿ ಬರುವ ಕಾರ್ಯಕ್ರಮಕ್ಕೆ ಇದು ದೊಡ್ಡ ಕೊರತೆ ಅಂತ ನನ್ನ ಅಭಿಪ್ರಾಯ.

ಹಳೆಯ ಸರಣಿಗೂ ಹೊಸದಕ್ಕೂ ಇರುವ ಮುಖ್ಯ ವ್ಯತ್ಯಾಸ ಮಣ್ಣು ಅಗೆಯುವ ದೃಶ್ಯಗಳು. 1999ರಲ್ಲಿ ಪರದೆ ಮೇಲೆ ಒಬ್ಬ ವಿಜ್ಞಾನಿಯೂ ಬರುತ್ತಿರಲಿಲ್ಲ. ಕಾಡಿನಲ್ಲಿ ಕ್ಯಾಮೆರಾ ಇಟ್ಟು ಆನೆ, ಹುಲಿ ತೋರಿಸುವ ಹಾಗೆಯೇ ಡೈನೋಸಾರ್ ತೋರಿಸುತ್ತಿದ್ದರು. ಈಗ ಕಥೆ ಆಗಾಗ ನಿಲ್ಲುತ್ತದೆ. ಕೆನಡಾ, ಮೊರಾಕ್ಕೊ, ಪೋರ್ಚುಗಲ್, ಅಮೆರಿಕದ ಬಂಡೆಗಳ ನಡುವೆ ಬ್ರಷ್ ಹಿಡಿದು ಕೂತ ಜನ ಕಾಣುತ್ತಾರೆ. ಹಳೆಯ ಅಭಿಮಾನಿಗಳಲ್ಲಿ ಹಲವರಿಗೆ ಇದೇ ಹಿಡಿಸಲಿಲ್ಲ. ಕಥೆ ರಭಸವಾಗಿ ಓಡುತ್ತಿರುವಾಗ ಕಟ್ ಮಾಡಿ ಮಣ್ಣು ತೋರಿಸಿದರೆ ಮಜಾ ಹೋಗುತ್ತದೆ ಅನ್ನುವುದು ಅವರ ವಾದ. ನನಗೆ ಅನಿಸುವುದು ಇದಕ್ಕೆ ಪೂರ್ತಿ ಉಲ್ಟಾ. ಸರಣಿಯ ಜೀವವೇ ಆ ಮಣ್ಣಿನ ದೃಶ್ಯಗಳು. ತಪ್ಪಾಗಿರುವುದು ಅವು ಜಾಸ್ತಿ ಆಗಿದ್ದರಿಂದಲ್ಲ, ಅರ್ಧಕ್ಕೇ ನಿಂತಿದ್ದರಿಂದ.

ಚೆನ್ನಾಗಿ ಕೆಲಸ ಮಾಡಿದ ಕಡೆಯಿಂದಲೇ ಶುರು ಮಾಡೋಣ. ಕೆನಡಾದ ಅಲ್ಬರ್ಟಾ ಪ್ರಾಂತ್ಯದಲ್ಲಿ ಪೈಪ್‌ಸ್ಟೋನ್ ಕ್ರೀಕ್ ಅಂತ ಒಂದು ತೊರೆ ಇದೆ. 1974ರಲ್ಲಿ ಅಲ್ ಲಕುಸ್ಟಾ ಎಂಬ ಶಾಲಾ ಮೇಷ್ಟ್ರು ಅದರ ದಡದಲ್ಲಿ ಮೂಳೆಗಳನ್ನು ಕಂಡರು. ಅಲ್ಲಿ ಸಿಕ್ಕ ಪ್ರಾಣಿಗೆ 2008ರಲ್ಲಿ ಅವರ ಹೆಸರನ್ನೇ ಸೇರಿಸಿ ಪ್ಯಾಕಿರೈನೋಸಾರಸ್ ಲಕುಸ್ಟೈ ಅಂತ ಕರೆದರು. ಮೂಗಿನ ಮೇಲೆ ಕೊಂಬಿನ ಬದಲು ದಪ್ಪ ಮೂಳೆಯ ಗಡ್ಡೆ ಇರುವ, ಟ್ರೈಸೆರಾಟಾಪ್ಸ್‌ಗೆ ನೆಂಟನಾದ ಪ್ರಾಣಿ. ಸುಮಾರು 7.3 ಕೋಟಿ ವರ್ಷದ ಹಿಂದಿನದು. ಆ ಜಾಗದಲ್ಲಿ ಮೂಳೆಗಳು ಎಷ್ಟು ಒತ್ತಾಗಿವೆ ಅಂದರೆ ಒಂದೇ ಚದರ ಮೀಟರ್‌ನಲ್ಲಿ ನೂರಕ್ಕೂ ಹೆಚ್ಚು ಸಿಗುತ್ತವೆ. ಬಹುತೇಕ ಎಲ್ಲವೂ ಒಂದೇ ಜಾತಿಯವು. ಮರಿಗಳೂ ಇವೆ, ಹರೆಯದವೂ ಇವೆ, ವಯಸ್ಸಾದವೂ ಇವೆ.

ಇಲ್ಲಿಂದ ವಿಜ್ಞಾನಿಗಳು ಹೇಗೆ ಮುಂದೆ ಹೋಗುತ್ತಾರೆ ನೋಡಿ. ಪ್ರಾಣಿಗಳು ಒಂದೊಂದಾಗಿ, ನೂರಾರು ವರ್ಷಗಳಲ್ಲಿ ಅಲ್ಲಿ ಸತ್ತಿದ್ದರೆ ಬೇರೆ ಬೇರೆ ಜಾತಿಗಳ ಮೂಳೆ ಕಲಸಿಕೊಂಡಿರಬೇಕಿತ್ತು. ಹಾಗಿಲ್ಲ. ಎಲ್ಲ ವಯಸ್ಸಿನವು ಒಟ್ಟಿಗೆ ಇವೆ ಅಂದರೆ ಅವು ಒಟ್ಟಿಗೆ ಓಡಾಡುತ್ತಿದ್ದವು. ಒಟ್ಟಿಗೆ ಸತ್ತಿವೆ ಅಂದರೆ ಏಕಾಏಕಿ ಏನೋ ಬಂದೆರಗಿದೆ. ಮಣ್ಣಿನ ಪದರ ನೋಡಿದರೆ ಅದು ದೊಡ್ಡ ಪ್ರವಾಹ. ಹಿಂಡು, ಮರಿ, ನೆರೆ, ಸಾವು ಈ ನಾಲ್ಕಕ್ಕೂ ಕೈಯಲ್ಲಿ ಹಿಡಿದು ತೋರಿಸಬಹುದಾದ ಆಧಾರ ಇದೆ. ಕಂತಿನಲ್ಲಿ ಪುಟ್ಟ ಆಲ್ಬಿ ಹಿಂಡಿನ ಜೊತೆ ನಡೆಯುವುದನ್ನು ನೋಡುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಯಾಕೆಂದರೆ ಇಂಥದ್ದೊಂದು ಮರಿಯ ಮೂಳೆಯನ್ನು ಈಗಷ್ಟೇ ನಾವು ಕಂಡಿರುತ್ತೇವೆ. ಆದರೆ ಅದೇ ಕಂತು ಇನ್ನೊಂದು ಮಾತನ್ನೂ ಹೇಳುತ್ತದೆ. ಈ ಹಿಂಡು ಉತ್ತರಕ್ಕೆ ನೂರಾರು ಮೈಲಿ ವಲಸೆ ಹೋಗುತ್ತಿತ್ತು ಅಂತ. ಕಂತಿನ ಹೆಸರೇ ‘ದಿ ಜರ್ನಿ ನಾರ್ತ್’. ಹಿಂಡು ಇತ್ತು ಅನ್ನುವುದಕ್ಕೆ ಇರುವಷ್ಟು ಗಟ್ಟಿ ಆಧಾರ ಆ ಪ್ರಯಾಣಕ್ಕೆ ಇಲ್ಲ. ಎರಡು ಮಾತಿಗೂ ಬೇರೆ ಬೇರೆ ತೂಕ. ನಿರೂಪಕರ ದನಿಯಲ್ಲಿ ಮಾತ್ರ ಎರಡೂ ಒಂದೇ.

ಈಗ ಸೋಬೆಕ್ ಕಡೆ ಬರೋಣ. ನನ್ನ ತಕರಾರು ಪೂರ್ತಿಯಾಗಿ ಕಾಣುವುದು ಇಲ್ಲೇ.

‘ದಿ ರಿವರ್ ಡ್ರ್ಯಾಗನ್’ ಎಂಬ ಕಂತಿನಲ್ಲಿ ಸ್ಪೈನೋಸಾರಸ್ ಒಂದು ಅಪ್ಪ. ಬೆನ್ನ ಮೇಲೆ ಹಾಯಿ, ಮೊಸಳೆಯಂಥ ಉದ್ದ ಮೂತಿ, ಹತ್ತಿರ ಹದಿನಾಲ್ಕು ಮೀಟರ್ ಉದ್ದದ ಬೇಟೆಗಾರ. ಮರಿಗಳನ್ನು ಕಟ್ಟಿಕೊಂಡು ಹೊಳೆಯುದ್ದಕ್ಕೂ ಹೋಗುತ್ತದೆ, ಅವುಗಳನ್ನು ಉಳಿಸಿಕೊಳ್ಳಲು ಒದ್ದಾಡುತ್ತದೆ. ನೋಡುತ್ತಾ ಕೂತರೆ ಮನಸ್ಸು ಕರಗುತ್ತದೆ. ಆದರೆ ಆಧಾರ? ಸ್ಪೈನೋಸಾರಸ್‌ನ ಗೂಡಾಗಲಿ ಮೊಟ್ಟೆಯಾಗಲಿ ಈವರೆಗೆ ಸಿಕ್ಕಿಲ್ಲ. ಮೊರಾಕ್ಕೊದಲ್ಲಿ ಸಿಕ್ಕ ಮುಖ್ಯ ಅಸ್ಥಿಪಂಜರ ಗಂಡಿನದೋ ಹೆಣ್ಣಿನದೋ ಅಂತ ಹೇಳಲು ಬರುವುದಿಲ್ಲ. ಅದು ಪೂರ್ತಿ ಬೆಳೆದ ಪ್ರಾಣಿಯದೂ ಅಲ್ಲ. ಗಂಡು ಡೈನೋಸಾರ್‌ಗಳು ಕಾವು ಕೊಡುತ್ತಿದ್ದವು ಅನ್ನುವ ಒಂದು ವಾದ 2008ರಲ್ಲಿ ಬಂದಿದ್ದು ನಿಜ. ಅದು ಟ್ರೂಡಾನ್, ಓವಿರಾಪ್ಟರ್ ತರಹದ, ಹಕ್ಕಿಗಳಿಗೆ ತುಂಬ ಹತ್ತಿರದ ಸಣ್ಣ ಪ್ರಾಣಿಗಳ ಬಗ್ಗೆ. ಗೂಡಿನಲ್ಲಿದ್ದ ಮೊಟ್ಟೆಗಳ ಗಾತ್ರವನ್ನೂ ಗೂಡಿನ ಮೇಲೆ ಕೂತೇ ಸತ್ತ ಪ್ರಾಣಿಯ ಮೂಳೆಯ ಒಳಭಾಗವನ್ನೂ ನೋಡಿ ಕಟ್ಟಿದ ವಾದ ಅದು. ಅಲ್ಲಿಂದ ಸ್ಪೈನೋಸಾರಸ್‌ವರೆಗೆ ಬಹಳ ದೂರ. ಹಾಗಾಗಿ ಸೋಬೆಕ್‌ನ ಅಪ್ಪತನ ಪೂರ್ತಿ ಕಲ್ಪನೆ. ಕಲ್ಪನೆ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಕಲ್ಪನೆ ಅಂತ ಒಂದು ಮಾತು ಹೇಳಬೇಕಿತ್ತು, ಅಷ್ಟೇ.

ನನಗೆ ಇದರಲ್ಲಿ ಹೆಚ್ಚು ಬೇಸರ ತರಿಸುವುದು ಬೇರೆ. ಸ್ಪೈನೋಸಾರಸ್‌ಗೆ ಹೊರಗಿಂದ ಕಥೆ ತಂದು ಹಾಕುವ ಅಗತ್ಯವೇ ಇರಲಿಲ್ಲ. ಅದರ ನಿಜವಾದ ಕಥೆ ಯಾವ ಪತ್ತೇದಾರಿ ಕಾದಂಬರಿಗೂ ಕಡಿಮೆ ಇಲ್ಲ.

ಜರ್ಮನಿಯ ಅರ್ನ್‌ಸ್ಟ್ ಸ್ಟ್ರೋಮರ್ ಇದನ್ನು 1915ರಲ್ಲಿ ಮೊದಲ ಬಾರಿಗೆ ವಿವರಿಸಿದರು. ಮೂಳೆಗಳು ಸಿಕ್ಕಿದ್ದು ಈಜಿಪ್ಟಿನ ಬಹರಿಯಾ ಓಯಸಿಸ್‌ನಲ್ಲಿ. ಅವನ್ನು ಮ್ಯೂನಿಕ್‌ನ ಮ್ಯೂಸಿಯಂನಲ್ಲಿ ಇಟ್ಟಿದ್ದರು. 1944ರ ಏಪ್ರಿಲ್‌ನಲ್ಲಿ ಬ್ರಿಟಿಷ್ ವಿಮಾನಗಳ ಬಾಂಬ್ ದಾಳಿಗೆ ಮ್ಯೂಸಿಯಂ ಹೊತ್ತಿ ಉರಿಯಿತು, ಮೂಳೆಗಳು ಹೋದವು. ಉಳಿದದ್ದು ಸ್ಟ್ರೋಮರ್ ಬರೆದಿಟ್ಟ ವಿವರ, ಚಿತ್ರಗಳು, ಬೆರಳೆಣಿಕೆಯ ಫೋಟೋಗಳು. ದಶಕಗಟ್ಟಲೆ ಈ ಪ್ರಾಣಿ ಕಾಗದದ ಮೇಲಷ್ಟೇ ಇತ್ತು ಅಂದರೂ ನಡೆಯುತ್ತದೆ.

2008ರಲ್ಲಿ ನಿಜಾರ್ ಇಬ್ರಾಹಿಂ ಎಂಬ ಯುವ ವಿಜ್ಞಾನಿಗೆ ಮೊರಾಕ್ಕೊದ ಎರ್ಫೂದ್ ಪಟ್ಟಣದಲ್ಲಿ ಒಬ್ಬ ಸ್ಥಳೀಯರು ಒಂದು ಡಬ್ಬಿ ತುಂಬ ಮೂಳೆಚೂರು ತಂದುಕೊಟ್ಟರು. ಮರುವರ್ಷ ಇಟಲಿಯ ಮಿಲಾನ್ ಮ್ಯೂಸಿಯಂನಲ್ಲಿ ಅವರು ಬೇರೆ ಕೆಲವು ಮೂಳೆ ನೋಡಿದರು. ಅಂಟಿಕೊಂಡಿದ್ದ ಕಲ್ಲು, ಮೂಳೆಯೊಳಗಿನ ಬಣ್ಣದ ಗೆರೆ ಎರಡೂ ತಾಳೆಯಾದವು. ಅಂದರೆ ಎರಡೂ ಒಂದೇ ಪ್ರಾಣಿಯವಿರಬಹುದು. ಆದರೆ ಎಲ್ಲಿ ಅಗೆದದ್ದು? ಅದು ಗೊತ್ತಿದ್ದದ್ದು ಆ ಡಬ್ಬಿ ಕೊಟ್ಟವರಿಗೆ ಮಾತ್ರ. ಇಬ್ರಾಹಿಂ ಅವರಿಗೆ ನೆನಪಿದ್ದದ್ದು ಅವರ ಮೀಸೆ ಒಂದೇ. 2013ರಲ್ಲಿ ಮತ್ತೆ ಎರ್ಫೂದ್‌ಗೆ ಹೋಗಿ ಹುಡುಕಾಡಿ ಸೋತು, ಒಂದು ಕೆಫೆಯಲ್ಲಿ ಕೂತಿದ್ದಾಗ ಅದೇ ಮೀಸೆಯವರು ಎದುರಿನಿಂದ ನಡೆದುಹೋದರು. ಇವರು ಎದ್ದು ಹಿಂದೆ ಓಡಿದರು. ಆ ವ್ಯಕ್ತಿ ಕರೆದುಕೊಂಡು ಹೋಗಿ ಗುಡ್ಡದ ಜಾಗ ತೋರಿಸಿದರು. ಉಳಿದ ಮೂಳೆಗಳು ಅಲ್ಲೇ ಇದ್ದವು.

2014ರಲ್ಲಿ ಮೊದಲ ಪ್ರಬಂಧ ಬಂತು. ಇದು ನೀರಿನಲ್ಲೂ ಬದುಕುತ್ತಿದ್ದ ಡೈನೋಸಾರ್ ಅನ್ನುವುದು ಅದರ ವಾದ. 2020ರಲ್ಲಿ ಬಾಲದ ಮೂಳೆಗಳ ವಿವರ ಬಂತು. ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿ ಅಗಲವಾಗಿದೆ, ಈಜಲು ಆಗುತ್ತಿತ್ತು ಅಂತ. 2022ರಲ್ಲಿ ಇಬ್ರಾಹಿಂ ಅವರೂ ಇದ್ದ ಒಂದು ತಂಡ ಮೂಳೆಗಳ ಸಾಂದ್ರತೆ ಅಳೆದು, ಇದು ನೀರಿನೊಳಗೆ ಮುಳುಗಿ ಬೇಟೆಯಾಡುತ್ತಿತ್ತು ಎಂದಿತು. ಅದೇ ವರ್ಷ ಪಾಲ್ ಸೆರೆನೊ ಮತ್ತು ಜೊತೆಗಾರರು ಖಡಾಖಂಡಿತವಾಗಿ ಇಲ್ಲ ಅಂದರು. ದೇಹ ತೇಲಿಬಿಡುತ್ತದೆ, ಮುಳುಗಲು ಆಗುವುದಿಲ್ಲ, ದಡದಲ್ಲಿ ನಿಂತು ಮೀನು ಹಿಡಿಯುತ್ತಿತ್ತು ಎನ್ನುವುದು ಅವರ ಲೆಕ್ಕ. 2024ರಲ್ಲಿ ನಾಥನ್ ಮಿರ್ವೊಲ್ಡ್ ತಂಡ ಆ ಸಾಂದ್ರತೆಯ ಲೆಕ್ಕಾಚಾರವನ್ನೇ ಪ್ರಶ್ನಿಸಿತು. ಗಮನಿಸಬೇಕಾದ ಮಾತೊಂದಿದೆ. ಸೆರೆನೊ, ಮಿರ್ವೊಲ್ಡ್ ಇಬ್ಬರೂ 2014ರ ಮೊದಲ ಪ್ರಬಂಧದ ಸಹ ಲೇಖಕರು. ಒಟ್ಟಿಗೆ ಶುರು ಮಾಡಿದವರೇ ಹೊಸ ಮೂಳೆ, ಹೊಸ ಲೆಕ್ಕ ಬಂದ ಹಾಗೆ ಬೇರೆ ಬೇರೆ ತೀರ್ಮಾನಕ್ಕೆ ಬಂದರು. ಜಗಳ ಇನ್ನೂ ಮುಗಿದಿಲ್ಲ.

ಕಂತಿನಲ್ಲಿ ಈ ಜಗಳ ಇಲ್ಲ. ಸೋಬೆಕ್ ಸಲೀಸಾಗಿ ಈಜುತ್ತದೆ. ನೋಡಿದ ಮಕ್ಕಳು ಸ್ಪೈನೋಸಾರಸ್ ಹೀಗೇ ಇತ್ತು ಅಂದುಕೊಂಡು ಏಳುತ್ತಾರೆ. ಐದು ನಿಮಿಷ ತೆಗೆದಿಟ್ಟು, ಮುಳುಗುವ ಸ್ಪೈನೋಸಾರಸ್ ಒಂದು ಕಡೆ, ದಡದಲ್ಲಿ ನಿಂತ ಸ್ಪೈನೋಸಾರಸ್ ಇನ್ನೊಂದು ಕಡೆ ತೋರಿಸಿ, ಇಬ್ಬರು ವಿಜ್ಞಾನಿಗಳ ಬಾಯಲ್ಲೇ ವಾದ ಕೇಳಿಸಿದ್ದರೆ ಏನಾಗುತ್ತಿತ್ತು? ನೋಡುವವರು ಒಂದು ಪಕ್ಷ ಹಿಡಿಯುತ್ತಿದ್ದರು. ಊಟದ ಹೊತ್ತಿಗೆ ಮನೆಯಲ್ಲಿ ಚರ್ಚೆ ಆಗುತ್ತಿತ್ತು. ಗ್ರಾಫಿಕ್ಸ್ ಅಂತೂ ಕೈಯಲ್ಲೇ ಇತ್ತಲ್ವಾ?

‘ದಿ ಪ್ಯಾಕ್’ ಕಂತಿನ ಕಥೆಯೂ ಸ್ವಲ್ಪ ಹೀಗೇ. ಟಿ. ರೆಕ್ಸ್‌ನ ನೆಂಟ ಅಲ್ಬರ್ಟೋಸಾರಸ್ ಗುಂಪಾಗಿ ಬೇಟೆಯಾಡುತ್ತದೆ ಅಂತ ತೋರಿಸುತ್ತಾರೆ. ಇದಕ್ಕೆ ಮೂಲ ಅಲ್ಬರ್ಟಾದಲ್ಲೇ ಇರುವ ಇನ್ನೊಂದು ಜಾಗ. 1910ರಲ್ಲಿ ಬಾರ್ನಮ್ ಬ್ರೌನ್ ಅಲ್ಲಿ ಅಗೆದರು, ಆಮೇಲೆ ಜಾಗವೇ ಮರೆತುಹೋಯಿತು. 1997ರಲ್ಲಿ ಫಿಲಿಪ್ ಕರಿ ಹಳೆಯ ಫೋಟೋ ಹಿಡಿದುಕೊಂಡು ಹೋಗಿ ಮತ್ತೆ ಪತ್ತೆ ಹಚ್ಚಿದರು. ಹತ್ತಕ್ಕೂ ಹೆಚ್ಚು ಅಲ್ಬರ್ಟೋಸಾರಸ್ ಒಂದೇ ಕಡೆ ಸತ್ತಿವೆ. ಒಟ್ಟಿಗೆ ಬದುಕುತ್ತಿದ್ದವು ಅನ್ನಲು ಇದು ಒಳ್ಳೆಯ ಸುಳಿವು. ಒಟ್ಟಿಗೆ ಬೇಟೆಯಾಡುತ್ತಿದ್ದವು ಅನ್ನಲು ಸಾಲದು. ಬರಗಾಲದಲ್ಲಿ ನೀರಿರುವ ಕಡೆ ಎಲ್ಲ ಬಂದು ಸೇರಿರಬಹುದು, ನೆರೆ ಬಂದು ಎತ್ತರದ ಜಾಗಕ್ಕೆ ಹತ್ತಿರಬಹುದು. ಒಟ್ಟಿಗೆ ಸಾಯುವುದು ಬೇರೆ, ಒಟ್ಟಿಗೆ ಬೇಟೆಯಾಡುವುದು ಬೇರೆ. ಈ ವ್ಯತ್ಯಾಸ ಹತ್ತು ವರ್ಷದ ಮಗುವಿಗೂ ಅರ್ಥ ಆಗುತ್ತದೆ, ಹೇಳಿದರೆ.

ಹೇಳಲು ಆಗುವುದಿಲ್ಲ, ಟಿವಿಗೆ ಅದು ಒಗ್ಗುವುದಿಲ್ಲ ಅಂತ ಕೆಲವರು ಅನ್ನಬಹುದು. ಬಿಬಿಸಿಯೇ ಮಾಡಿ ತೋರಿಸಿದೆ. 2011ರಲ್ಲಿ ‘ಪ್ಲಾನೆಟ್ ಡೈನೋಸಾರ್’ ಅಂತ ಅರ್ಧರ್ಧ ಗಂಟೆಯ ಆರು ಕಂತು ಬಂದಿದ್ದವು. ಜಾನ್ ಹರ್ಟ್ ನಿರೂಪಣೆ. ಚಿತ್ರ ಅಷ್ಟೇನೂ ನಯವಾಗಿರಲಿಲ್ಲ. ಆದರೆ ಒಂದು ಪ್ರಾಣಿ ಇನ್ನೊಂದನ್ನು ಕಚ್ಚಿದರೆ ಅಲ್ಲೇ ನಿಲ್ಲಿಸಿ, ಆ ಮೂಳೆಯನ್ನು, ಅದರ ಮೇಲಿನ ಹಲ್ಲಿನ ಗುರುತನ್ನು ಪರದೆಗೆ ತರುತ್ತಿದ್ದರು. ಇದನ್ನು ನಾವು ಹೇಗೆ ಹೇಳುತ್ತಿದ್ದೇವೆ ಅನ್ನುವುದಕ್ಕೆ ಅಲ್ಲೇ ಉತ್ತರ. ಕಥೆಯೂ ಓಡುತ್ತಿತ್ತು, ಸಾಕ್ಷಿಯೂ ಸಿಗುತ್ತಿತ್ತು. ವಿಜ್ಞಾನ ಹೇಳುವ ರೀತಿಯಲ್ಲಿ ಹೊಸ ಸರಣಿಗಿಂತ ಅದು ಮುಂದಿತ್ತು.

2022ರ ಮೇನಲ್ಲಿ ಆಪಲ್ ಟಿವಿಯಲ್ಲಿ ಬಂದ ‘ಪ್ರಿಹಿಸ್ಟಾರಿಕ್ ಪ್ಲಾನೆಟ್’ ಬೇರೆ ದಾರಿ ಹಿಡಿಯಿತು. ಡೇವಿಡ್ ಅಟೆನ್‌ಬರೋ ದನಿ, ಡ್ಯಾರೆನ್ ನೇಯ್ಶ್ ಅವರ ವಿಜ್ಞಾನ ಸಲಹೆ. ನೋಡಲು ಅದರಷ್ಟು ಚಂದದ ಡೈನೋಸಾರ್‌ಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದರಲ್ಲಿ ದೈತ್ಯ ಡ್ರೆಡ್‌ನಾಟಸ್ ಗಂಡುಗಳು ಕುತ್ತಿಗೆಯ ಮೇಲೆ ಬಲೂನಿನಂಥ ಚೀಲಗಳನ್ನು ಊದಿಸಿ ತೋರಿಸುತ್ತವೆ. ಉದ್ದ ಕುತ್ತಿಗೆಯ ಈ ಗುಂಪಿನ ಕುತ್ತಿಗೆ ಮೂಳೆಗಳೊಳಗೆ ಗಾಳಿಚೀಲ ಇದ್ದ ಗುರುತುಗಳಿವೆ. ಆದರೆ ಹೊರಗೆ ಊದಿಕೊಳ್ಳುವ ಚೀಲ ಯಾವ ಪಳೆಯುಳಿಕೆಯಲ್ಲೂ ಸಿಕ್ಕಿಲ್ಲ. ಒಳ್ಳೆಯ ಊಹೆ, ತರ್ಕ ಇರುವ ಊಹೆ. ಆದರೂ ಊಹೆಯೇ. ಅವರು ಕೆಲವು ಪ್ರಶ್ನೆಗಳಿಗೆ ಪ್ರತ್ಯೇಕ ಪುಟ್ಟ ವಿಡಿಯೋಗಳಲ್ಲಿ ಉತ್ತರ ಕೊಟ್ಟರು. ಒಳ್ಳೆಯ ಕೆಲಸ. ಆದರೆ ಕಂತು ಮುಗಿದ ಮೇಲೆ ಬೇರೆ ವಿಡಿಯೋ ಹುಡುಕಿ ನೋಡುವವರು ಎಷ್ಟು ಜನ?

ಇದೆಲ್ಲ ಯಾಕೆ ಮುಖ್ಯ ಅನ್ನುವುದಕ್ಕೆ 1999ರ ಸರಣಿಯೇ ಉದಾಹರಣೆ. ಅದರಲ್ಲಿ ಲಿಯೋಪ್ಲ್ಯೂರೊಡಾನ್ ಎಂಬ ಕಡಲಿನ ಸರೀಸೃಪವನ್ನು 25 ಮೀಟರ್ ಉದ್ದ, 150 ಟನ್ ತೂಕ ಅಂತ ತೋರಿಸಿದ್ದರು. ಈಗಿನ ಅಂದಾಜು ಆರೇಳು ಮೀಟರ್ ಆಸುಪಾಸು. ಆಗಲೂ ಆ 25 ಮೀಟರ್‌ಗೆ ಗಟ್ಟಿ ಆಧಾರ ಇರಲಿಲ್ಲ. ಆದರೆ ಆ ದೃಶ್ಯ ನೋಡಿ ಬೆಳೆದ ಒಂದು ತಲೆಮಾರು ಆ ಸಂಖ್ಯೆಯನ್ನೇ ನಂಬಿತು. ಆಟದ ಸಾಮಾನು, ಮಕ್ಕಳ ಪುಸ್ತಕ, ವಿಡಿಯೋ ಎಲ್ಲ ಕಡೆ ಅದು ಹಬ್ಬಿತು. ಯುಟಾರ್ಯಾಪ್ಟರ್ ಎಂಬ ಬೇಟೆಗಾರ ಡೈನೋಸಾರ್‌ಗೆ ಆ ಸರಣಿಯಲ್ಲಿ ಗರಿ ಇರಲಿಲ್ಲ. ಈಗ ಆ ಗುಂಪಿಗೆ ಗರಿ ಇದ್ದವು ಅಂತ ಗೊತ್ತಾಗಿದೆ. ಇದರಲ್ಲಿ ಎರಡನೆಯದು ವಿಜ್ಞಾನ ಬೆಳೆದದ್ದು, ಮೊದಲನೆಯದು ಸುಮ್ನೆ ದೊಡ್ಡದು ಮಾಡಿ ತೋರಿಸಿದ್ದು. ನೋಡಿದವರಿಗೆ ಎರಡೂ ಒಂದೇ ತರಹ ಕಾಣುತ್ತವೆ. ಅವತ್ತು ಹಾಗೆ ಹೇಳಿದರು, ಇವತ್ತು ಹೀಗೆ ಹೇಳುತ್ತಾರೆ, ಇವರಿಗೇ ಗೊತ್ತಿಲ್ಲ ಅನ್ನುವ ಮಾತು ಹುಟ್ಟುವುದು ಇಲ್ಲೇ. ಡೈನೋಸಾರ್ ವಿಷಯದಲ್ಲಿ ಆ ಅಪನಂಬಿಕೆಯಿಂದ ಯಾರಿಗೂ ನಷ್ಟವಿಲ್ಲ. ಅದೇ ಅಪನಂಬಿಕೆ ಲಸಿಕೆ, ಹವಾಮಾನದ ಕಡೆ ತಿರುಗಿದರೆ ನಷ್ಟ ನಮಗೇ.

ಇನ್ನೊಂದು ಕಾರಣ ಈ ಕಾಲದ್ದು. ಈಗ ಯಾರು ಬೇಕಾದರೂ ಎಐ ಬಳಸಿ ಮನೆಯಲ್ಲೇ ಕೂತು ನಂಬುವಂಥ ಡೈನೋಸಾರ್ ವಿಡಿಯೋ ಮಾಡಬಹುದು. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ಅವು ಸಾಲುಸಾಲಾಗಿ ಬರುತ್ತವೆ. ಬಿಬಿಸಿ ಮೊದಲು ಗೆದ್ದದ್ದು ಅಂಥ ಚಿತ್ರ ಮಾಡಲು ಬೇರೆಯವರಿಗೆ ಆಗುತ್ತಿರಲಿಲ್ಲ ಅನ್ನುವ ಕಾರಣಕ್ಕೆ. 1999ರ ಸರಣಿಗೆ ಸುಮಾರು 60 ಲಕ್ಷ ಪೌಂಡ್ ಖರ್ಚಾಗಿತ್ತು. ಇನ್ನು ಮುಂದೆ ಚಿತ್ರದಿಂದ ಮಾತ್ರ ಗೆಲ್ಲಲು ಆಗುವುದಿಲ್ಲ. ಎಐ ವಿಡಿಯೋ ಮಾಡುವವರ ಹತ್ತಿರ ಇಲ್ಲದ್ದು ಒಂದೇ, ಆ ಬಂಡೆ ಮತ್ತು ಅದನ್ನು ಅಗೆದು ಓದಬಲ್ಲ ಜನ. ಬಿಬಿಸಿಗೆ ಅದು ಇದೆ. ಇದ್ದೂ ಅದನ್ನು ಕಥೆಯ ನಡುವಿನ ವಿರಾಮದ ಹಾಗೆ ಬಳಸಿದ್ದು ನನಗೆ ನೋವು.

ಬಣ್ಣದ ವಿಷಯವನ್ನೇ ತಗೊಳ್ಳಿ. ಡೈನೋಸಾರ್ ಬಣ್ಣ ಯಾರಿಗೂ ಗೊತ್ತಿಲ್ಲ ಅಂತ ಜನ ಈಗಲೂ ಹೇಳುತ್ತಾರೆ. ಕೆಲವದ್ದು ಗೊತ್ತಿದೆ. 2010ರಲ್ಲಿ ಚೀನಾದ ಸೈನೋಸಾರೊಪ್ಟೆರಿಕ್ಸ್‌ನ ಗರಿಗಳಲ್ಲಿ ಬಣ್ಣದ ಕಣಗಳ ಉಳಿಕೆ ಸಿಕ್ಕಿತು. ಬಾಲದ ಮೇಲೆ ಕೆಂಗಂದು ಪಟ್ಟೆ ಇತ್ತು ಅಂತ ತಿಳಿಯಿತು. ಅಲ್ಬರ್ಟಾದ ಒಂದು ಗಣಿಯಲ್ಲಿ 2011ರಲ್ಲಿ ಸಿಕ್ಕ ಬೋರಿಯಾಲೊಪೆಲ್ಟಾ ಎಂಬ ಡೈನೋಸಾರ್ ಎಷ್ಟು ಚೆನ್ನಾಗಿ ಉಳಿದಿದೆ ಅಂದರೆ ಅದರ ಬೆನ್ನು ಕೆಂಪುಕಂದು ಅಂತಲೂ ಹೊಟ್ಟೆಯಲ್ಲಿ ಜರಿಗಿಡ ಇತ್ತು ಅಂತಲೂ ಹೇಳಬಹುದು. ಟಿ. ರೆಕ್ಸ್ ಬಣ್ಣ ಮಾತ್ರ ಇನ್ನೂ ಯಾರಿಗೂ ತಿಳಿದಿಲ್ಲ. ಒಂದಕ್ಕೆ ಸಾಕ್ಷಿ ಇದೆ, ಇನ್ನೊಂದಕ್ಕೆ ಇಲ್ಲ. ಇದನ್ನು ತೋರಿಸಲು ಪರದೆಯ ಮೂಲೆಯಲ್ಲಿ ಒಂದು ಸಣ್ಣ ಗುರುತು ಸಾಕು. ಮೂಳೆ ನೋಡಿ ಹೇಳಿದ್ದಕ್ಕೆ ಒಂದು ಗುರುತು, ಹತ್ತಿರದ ಪ್ರಾಣಿಗಳನ್ನು ನೋಡಿ ಊಹಿಸಿದ್ದಕ್ಕೆ ಇನ್ನೊಂದು, ಕಲಾವಿದರ ಕಲ್ಪನೆಗೆ ಮತ್ತೊಂದು. ಕ್ರಿಕೆಟ್ ನೋಡುವಾಗ ಮೂಲೆಯಲ್ಲಿ ಸ್ಕೋರ್ ಇರುತ್ತದೆ. ಅದರಿಂದ ಆಟದ ಮಜಾ ಹಾಳಾಗಿದೆ ಅಂತ ಯಾರೂ ದೂರಿಲ್ಲ.

ನಮ್ಮ ದೇಶದ ಮಾತು ಬಂದರೆ, ಹೊಸ ಸರಣಿಯ ಆರು ಕಂತೂ ಉತ್ತರ ಅಮೆರಿಕ, ಯುರೋಪ್, ಮೊರಾಕ್ಕೊದಲ್ಲೇ ಮುಗಿದುಹೋಗಿವೆ. ‘ಪ್ರಿಹಿಸ್ಟಾರಿಕ್ ಪ್ಲಾನೆಟ್’ 2023ರ ಎರಡನೇ ಭಾಗದಲ್ಲಿ ಭಾರತಕ್ಕೆ ಬಂದಿತ್ತು. ಲಾವಾ ಹರಿದು ಹೊಗೆಯಾಡುವ ದಖ್ಖನ್ ನೆಲದಲ್ಲಿ ಮೊಟ್ಟೆಯಿಡಲು ಹೋಗುವ, ಉದ್ದ ಕುತ್ತಿಗೆಯ ಐಸಿಸಾರಸ್‌ಗಳನ್ನು ತೋರಿಸಿತ್ತು. ಐಸಿಸಾರಸ್ ಅನ್ನುವ ಹೆಸರು ಬಂದದ್ದು ಕೊಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ (ಐಎಸ್‌ಐ) ಹೆಸರಿನಿಂದ. ಮೂಳೆ ಸಿಕ್ಕಿದ್ದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಡೋಂಗರಗಾಂವ್‌ನಲ್ಲಿ. ಆ ಲಾವಾ ಆರಿ ಆದ ಕಪ್ಪು ಕಲ್ಲೇ ನಮ್ಮ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ನೆಲ. ಗೋಳಗುಮ್ಮಟ ಕಟ್ಟಿದ್ದೂ ಅದೇ ಕಲ್ಲಿನಿಂದ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಹತ್ತಿರ ಎರಡು ಲಾವಾ ಪದರಗಳ ನಡುವೆ ಸಿಕ್ಕಿಬಿದ್ದ ಕೆರೆಯ ಮಣ್ಣಿನಲ್ಲಿ ಆ ಕಾಲದ ಮಿಲಿಮೀಟರ್ ಲೆಕ್ಕದ ಚಿಪ್ಪುಜೀವಿಗಳು ಸಿಕ್ಕಿವೆ. ದಕ್ಷಿಣ ಕರ್ನಾಟಕದಲ್ಲಿ ಡೈನೋಸಾರ್ ಹುಡುಕುವುದು ವ್ಯರ್ಥ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷದ ಈಚೆಗೆ.

ಮೂಳೆಯಿಂದ ಕಥೆಗೆ ಹೋಗುವ ದಾರಿ ತೋರಿಸಲು ಭಾರತದ ಬಂಡೆಗಳಿಗಿಂತ ಒಳ್ಳೆಯ ಜಾಗ ಕಡಿಮೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ದೆಹಲಿ ವಿಶ್ವವಿದ್ಯಾಲಯದ ತಂಡ ಟೈಟನೋಸಾರ್ ಎಂಬ ಉದ್ದ ಕುತ್ತಿಗೆಯ ದೈತ್ಯ ಡೈನೋಸಾರ್‌ಗಳ 92 ಗೂಡು, 256 ಮೊಟ್ಟೆ ಪತ್ತೆ ಮಾಡಿ 2023ರಲ್ಲಿ ಪ್ರಕಟಿಸಿತು. ಗೂಡುಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಅಂದರೆ ನಡುವೆ ಆ ದೈತ್ಯ ಪ್ರಾಣಿ ಕಾಲಿಡಲು ಜಾಗವಿಲ್ಲ. ಹಾಗಾದರೆ ತಾಯಿ ಮೊಟ್ಟೆಯಿಟ್ಟು ಹೊರಟುಹೋಗುತ್ತಿರಬೇಕು, ಕಾಯುತ್ತಾ ಕೂರುತ್ತಿರಲಿಲ್ಲ. ಸೋಬೆಕ್‌ನ ಅಪ್ಪತನಕ್ಕೆ ಇಲ್ಲದ ಆಧಾರ ಈ ಮಾತಿಗೆ ಇದೆ, ಟೇಪು ಹಿಡಿದು ಅಳೆಯಬಹುದು. ಅದೇ ಪ್ರದೇಶದ ಪಾಡ್ಲ್ಯಾ ಊರಿನ ಹತ್ತಿರ ಮೊಟ್ಟೆಯೊಳಗೆ ಮೊಟ್ಟೆ ಇದ್ದ ಒಂದು ಪಳೆಯುಳಿಕೆಯೂ ಸಿಕ್ಕಿದೆ. ಹಕ್ಕಿಗಳಲ್ಲಿ ಅಪರೂಪಕ್ಕೆ ಹೀಗಾಗುತ್ತದೆ. ಅದೇ ಊರಿನ ಕೆಲವರು ಇಂಥ ದುಂಡು ಕಲ್ಲುಗಳನ್ನು ಹೊಲ ಕಾಯುವ ಕಾಕರ್ ಭೈರವ ಅಂತ ಪೂಜಿಸುತ್ತಿದ್ದರು. ಅವು ಟೈಟನೋಸಾರ್ ಮೊಟ್ಟೆಗಳು ಅಂತ ಆಮೇಲೆ ತಿಳಿಯಿತು.

ಗುಜರಾತಿನದು ಇನ್ನೂ ರೋಚಕ. 1980ರ ದಶಕದಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆ ಅವರಿಗೆ ಒಂದು ಗೂಡು ಸಿಕ್ಕಿತ್ತು. ಮೊಟ್ಟೆಗಳ ಪಕ್ಕ ಇದ್ದ ಮೂಳೆ ಡೈನೋಸಾರ್ ಮರಿಯದ್ದು ಅಂದುಕೊಂಡಿದ್ದರು. 2001ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಜೆಫ್ರಿ ವಿಲ್ಸನ್ ಅದನ್ನು ನೋಡಿ ಇದರಲ್ಲಿ ಹಾವಿನ ಬೆನ್ನುಮೂಳೆ ಇದೆ ಎಂದರು. ಶುಚಿ ಮಾಡಿ ನೋಡಿದರೆ ಸುಮಾರು ಮೂರೂವರೆ ಮೀಟರ್ ಹಾವು, ಒಡೆದ ಮೊಟ್ಟೆಯೊಂದಕ್ಕೆ ಸುತ್ತಿಕೊಂಡಿದೆ, ಪಕ್ಕದಲ್ಲಿ ಅರ್ಧ ಮೀಟರ್ ಡೈನೋಸಾರ್ ಮರಿ. 2010ರಲ್ಲಿ ಆ ಹಾವಿಗೆ ಸನಾಜೆ ಇಂಡಿಕಸ್ ಅಂತ ಹೆಸರಿಟ್ಟರು. ಬಹುಶಃ ಮಳೆಗೆ ಮಣ್ಣು ಕುಸಿದು ಅಲ್ಲೇ ಮುಚ್ಚಿಹೋಗಿದೆ. ಯಾರೂ ಏನೂ ಸೇರಿಸದೆ ಒಂದು ಪೂರ್ತಿ ದೃಶ್ಯ ಕಲ್ಲಿನಲ್ಲೇ ಇದೆ.

ಇದನ್ನೆಲ್ಲ ಕನ್ನಡದಲ್ಲಿ ಕೇಳುವ ಅವಕಾಶ ನಮ್ಮ ಮಕ್ಕಳಿಗೆ ಇರಬೇಕು. 2017ರಲ್ಲಿ ಸೋನಿ ಬಿಬಿಸಿ ಅರ್ಥ್ ವಾಹಿನಿ ಭಾರತಕ್ಕೆ ಬಂದಾಗ ಇಂಗ್ಲಿಷ್ ಜೊತೆ ಹಿಂದಿ, ತಮಿಳು, ತೆಲುಗು ಧ್ವನಿ ಇತ್ತು, ಕನ್ನಡ ಇರಲಿಲ್ಲ. ದಶಕಗಳ ಕಾಲ ಕನ್ನಡಕ್ಕೆ ಡಬ್ ಮಾಡಲು ಚಿತ್ರೋದ್ಯಮದ ಅಡ್ಡಿ ಇತ್ತು. 2012ರಲ್ಲಿ ಆಮಿರ್ ಖಾನ್ ನಡೆಸಿಕೊಟ್ಟ ‘ಸತ್ಯಮೇವ ಜಯತೆ’ ಟಿವಿ ಕಾರ್ಯಕ್ರಮ ಬೇರೆ ಭಾಷೆಗಳಲ್ಲಿ ಬಂದರೂ ಕನ್ನಡಕ್ಕೆ ಬರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಅಡ್ಡಿ ತಪ್ಪು ಎಂದು ಸಂಘಟನೆಗಳಿಗೆ ದಂಡ ಹಾಕಿತು. ಈಗ ಡಬ್ ಆದ ಸಿನಿಮಾ, ಧಾರಾವಾಹಿ ಬೇಕಾದಷ್ಟಿವೆ. ವಿಜ್ಞಾನದ ಸರಣಿಗಳು ಆ ಪ್ರಮಾಣದಲ್ಲಿ ಬಂದಿಲ್ಲ. ಬೀದರಿನ ಸರ್ಕಾರಿ ಶಾಲೆಯ ಹುಡುಗಿಗೆ ತನ್ನ ಕಾಲ ಕೆಳಗಿನ ಕಲ್ಲಿನ ಕಥೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾತ್ರ ಸಿಗುವುದು ಸರಿಯಲ್ಲ.

ಈಗ ಸರಣಿ ನೋಡಲು ಕೂರುವವರಿಗೆ ನನ್ನ ಸಲಹೆ. ಮೊದಲು ಪ್ಯಾಕಿರೈನೋಸಾರಸ್ ಕಂತು ನೋಡಿ. ಮಣ್ಣು ಅಗೆಯುವ ದೃಶ್ಯ ಬಂದಾಗ ಓಡಿಸಬೇಡಿ. ಮಕ್ಕಳ ಜೊತೆ ನೋಡುವುದಾದರೆ ಆಗಾಗ ವಿಡಿಯೋ ನಿಲ್ಲಿಸಿ, ಇದು ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿ. ಉತ್ತರ ಕಂತಿನಲ್ಲೇ ಸಿಕ್ಕರೆ ಮುಂದೆ ಹೋಗಿ, ಸಿಗದಿದ್ದರೆ ಒಂದು ಚೀಟಿಯಲ್ಲಿ ಬರೆದಿಡಿ. ‘ದಿ ರಿವರ್ ಡ್ರ್ಯಾಗನ್’ ನೋಡುವ ಮುಂಚೆ ಮ್ಯೂನಿಕ್ ಬೆಂಕಿಯ ಕಥೆ, ಎರ್ಫೂದ್‌ನ ಮೀಸೆಯವರ ಕಥೆ ಹೇಳಿಬಿಡಿ. ‘ಪ್ಲಾನೆಟ್ ಡೈನೋಸಾರ್’ ಎಲ್ಲಾದರೂ ಸಿಕ್ಕರೆ ಬಿಡಬೇಡಿ, ಗ್ರಾಫಿಕ್ಸ್ ಹಳೆಯದಾಗಿದ್ದರೂ ಪರವಾಗಿಲ್ಲ.